ತೊಂಬತ್ತರ ಅಜ್ಜ ಎಬ್ಬಿಸಿದ ರಂಪ

ಡ್ರಾಕುಲಾ ಯಾರಿಗೆ ಗೊತ್ತಿಲ್ಲ ಹೇಳಿ, ಆದ್ರೆ ಆ ಹೆಸರಿನ ಹಿಂದಿರೋ ಅಸಲಿ ರಾಜ ವ್ಲಾದ್ ಇದಾನಲ್ಲ, ಅವನ ವಂಶದ ಮೂಲ ಯಾವುದು ಅನ್ನೋದರ ಮೇಲೆ ರೊಮೇನಿಯಾದಲ್ಲಿ ಎಷ್ಟು ಕಿತ್ತಾಟ ಆಗಿದೆ ಅಂತ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಹಳೇ ಕಿತ್ತಾಟವೇ, ಅದಕ್ಕೆ 2007ರಲ್ಲಿ ಒಂದು ಪುಸ್ತಕ ಬರೆದು ತುಪ್ಪ ಸುರಿದಿದ್ದು ನ್ಯಾಗು ಜುವಾರಾ ಅನ್ನೋ ಇತಿಹಾಸಕಾರ. ಆಗ ಅವರ ವಯಸ್ಸು ತೊಂಬತ್ತು ದಾಟಿತ್ತು!

ಏನು ಹೇಳಿದ್ರು ಅಂದ್ರೆ, ಈಗಿನ ರೊಮೇನಿಯಾದ ದಕ್ಷಿಣದಲ್ಲಿ ವಲಾಕಿಯಾ ರಾಜ್ಯ ಕಟ್ಟಿದ ಬಸರಾಬ್ (ವ್ಲಾದ್‌ಗಿಂತ ಐದು ತಲೆ ಹಿಂದಿನವನು) ಮೂಲದಲ್ಲಿ ಕುಮನ್ ಅಂತ. ಕುಮನರು ಅಂದ್ರೆ ತುರ್ಕಿ ನುಡಿಯ (ಟರ್ಕಿ ದೇಶದವರು ಅಂತಲ್ಲ, ಆ ಭಾಷಾ ಬಳಗದವರು ಅಂತ) ಅಲೆಮಾರಿ ಕುದುರೆ ಸವಾರರು, 1241ರ ಮಂಗೋಲ್ ದಾಳಿಗೂ ಮುಂಚೆ ಕಪ್ಪು ಸಮುದ್ರದ ಮೇಲಿನ ಹುಲ್ಲುಗಾವಲೆಲ್ಲ ಅವರ ಹಿಡಿತದಲ್ಲೇ ಇತ್ತು. ಈಗ ಯೋಚನೆ ಮಾಡಿ, ನಾವು ರೋಮನ್ನರ ಮತ್ತೆ ಡೇಸಿಯನ್ನರ (ರೋಮನ್ನರಿಗೂ ಮುಂಚೆ ಅಲ್ಲಿದ್ದವರು) ಮಕ್ಕಳು, ಈ ಮಣ್ಣು ಬಿಟ್ಟು ಕದಲಿದವರೇ ಅಲ್ಲ ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡ್ಕೊಂಡು ಬಂದ ಜನಕ್ಕೆ ಇದು ಹೇಗೆ ಇಳಿಯುತ್ತೆ? ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕು ಕಾಲದಲ್ಲಂತೂ 1980ರಲ್ಲಿ ಡೇಸಿಯನ್ ರಾಜ್ಯಕ್ಕೆ 2050 ವರ್ಷ ಅಂತ ಸರ್ಕಾರವೇ ಉತ್ಸವ ಮಾಡಿತ್ತು. ಆ ಪಾಠ ಕೇಳಿ ಬೆಳೆದವರ ಮುಂದೆ ಈ ಅಜ್ಜ ಬಂದು ನಿಮ್ಮ ಮೊದಲ ರಾಜವಂಶ ತುರ್ಕಿ ಮೂಲದ್ದು ಅಂದ್ರೆ ಬೈಗುಳ ಬೀಳದೇ ಇರುತ್ತಾ.

ಸಾಕ್ಷಿ ಏನಿದೆ ಅಂತ ನೋಡೋಣ. 1332ರ ಹಂಗೇರಿ ರಾಜನ ಒಂದು ಪತ್ರದಲ್ಲಿ "ತೊಕೊಮೆರಿಯುಸ್‌ನ ಮಗ ಬಸರಾಬ್" ಅಂತ ಬರುತ್ತೆ. ಅಪ್ಪನ ಬಗ್ಗೆ ಇರೋದು ಇಷ್ಟೇ ಮಾರಾಯ್ರೆ, ಒಂದು ಹೆಸರು. ಜುವಾರಾ ಅದನ್ನ ತುರ್ಕಿಯ ತೊಕ್ತೆಮಿರ್ ಅಂತ ಓದ್ತಾರೆ, ಎದುರು ಪಾರ್ಟಿಯವರು ಅಲ್ಲ ಅದು ಸ್ಲಾವ್ ಹೆಸರು ತಿಹೊಮಿರ್ ಅಂತಾರೆ. ಬಸರಾಬ್ ಅನ್ನೋ ಹೆಸರು ತುರ್ಕಿ ಅನ್ನೋದನ್ನ ಮಾತ್ರ ಎದುರು ನಿಂತವರಲ್ಲೂ ತುಂಬಾ ಜನ ಒಪ್ತಾರೆ, ಆದ್ರೆ ಹೆಸರು ತುರ್ಕಿ ಆದ ಮಾತ್ರಕ್ಕೆ ಆಸಾಮಿ ತುರ್ಕಿ ಆಗ್ಬೇಕಾ ಅನ್ನೋದು ಅವರ ವಾದ, ಅದೂ ಸರಿನೇ. ಜೊತೆಗೆ 1247ರ ಒಂದು ದಾಖಲೆಯಲ್ಲಿ ಅದೇ ಸೀಮೆಯಲ್ಲಿ ಲಿತೊವೊಯ್, ಸೆನೆಸ್ಲಾವ್ ಅನ್ನೋ ಸ್ಥಳೀಯ ವ್ಲಾಖ್ (ರೊಮೇನಿಯನ್ನರ ಹಳೇ ಹೆಸರು) ನಾಯಕರು ಇದ್ರು ಅಂತ ಬರುತ್ತೆ, ಅಂದ್ರೆ ಅಲೆಮಾರಿಗಳು ಬಂದು ಖಾಲಿ ಜಾಗದಲ್ಲಿ ರಾಜ್ಯ ಕಟ್ಟಿದ್ದಂತೂ ಅಲ್ಲ.

ಈ ಬಸರಾಬ್ ಸಾಮಾನ್ಯ ಮನುಷ್ಯ ಅಲ್ಲ ಬಿಡಿ. 1330ರಲ್ಲಿ ಹಂಗೇರಿ ರಾಜ ಚಾರ್ಲ್ಸ್ ದಂಡು ಕಟ್ಕೊಂಡು ಬಂದಾಗ ಇವನು ಮೊದಲು 7,000 ಮಾರ್ಕ್ ಬೆಳ್ಳಿ ಕೊಡ್ತೀನಿ, ವಾಪಸ್ ಹೋಗಿ ಅಂದ. ಚಾರ್ಲ್ಸ್ ಕೇಳ್ಬೇಕಲ್ಲ, ಅವನು ನನ್ನ ಕುರಿ ಕಾಯೋನು, ಗಡ್ಡ ಹಿಡಿದು ಗುಹೆಯಿಂದ ಎಳ್ಕೊಂಡು ಬರ್ತೀನಿ ಅಂದನಂತೆ, ಇದನ್ನ ಬರೆದಿಟ್ಟಿರೋದು ಹಂಗೇರಿಯದೇ ಚಿತ್ರಸಹಿತ ವೃತ್ತಾಂತ. ಆಮೇಲೆ ಪೊಸಾದಾ ಅನ್ನೋ ಕಣಿವೆಯಲ್ಲಿ ದಂಡು ಸಿಕ್ಕಾಕೊಳ್ತು. ಆ ಪುಸ್ತಕದ ಚಿತ್ರ ನೆಟ್ಟಲ್ಲಿ ಸಿಗುತ್ತೆ, ಖಂಡಿತ ನೋಡಿ. ಮೇಲೆ ಬಂಡೆ ಮೇಲೆ ನಿಂತವರು ಕಲ್ಲು ಎತ್ತಿ ಹಾಕ್ತಿದಾರೆ, ಕೆಳಗೆ ಕಬ್ಬಿಣದ ಕವಚ ತೊಟ್ಟ ಸವಾರರು ಕುದುರೆ ಸಮೇತ ಅಪ್ಪಚ್ಚಿ. ರಾಜ ತನ್ನ ಲಾಂಛನ ಇದ್ದ ಉಡುಪನ್ನ ಇನ್ನೊಬ್ಬನಿಗೆ ತೊಡಿಸಿ ಜೀವ ಉಳಿಸ್ಕೊಂಡ, ತೊಟ್ಟವನು ಸತ್ತ.

ನನಗೆ ಈ ಥಿಯರಿಗಿಂತ ಜುವಾರಾ ಬದುಕೇ ಇಂಟರೆಸ್ಟಿಂಗ್. 1916ರಲ್ಲಿ ಬುಕಾರೆಸ್ಟ್‌ನ ದೊಡ್ಡ ಮನೆತನದಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಓದಿ, 1941ರಲ್ಲಿ ಒಡೆಸ್ಸಾ ಹತ್ರ ಯುದ್ಧದಲ್ಲಿ ಗಾಯ ಆಗಿ, 1944ರ ಆಗಸ್ಟ್‌ನಲ್ಲಿ ರಾಯಭಾರ ಕೆಲಸದ ಮೇಲೆ ಸ್ಟಾಕ್‌ಹೋಮ್‌ಗೆ ಹೋದ ಮನುಷ್ಯ, ಅಷ್ಟರಲ್ಲಿ ದೇಶ ಕಮ್ಯುನಿಸ್ಟರ ಕೈಗೆ ಹೋಯ್ತು, ಕೆಲಸಾನೂ ಹೋಯ್ತು, ಮತ್ತೆ ಊರಿಗೆ ಕಾಲಿಟ್ಟಿದ್ದು ಚೌಶೆಸ್ಕು ಬಿದ್ದ ಮೇಲೆ, 1990ರಲ್ಲಿ. ನಡುವೆ 1961ರಿಂದ ಇಪ್ಪತ್ತಮೂರು ವರ್ಷ ಆಫ್ರಿಕಾದ ನೈಜರ್ ದೇಶದಲ್ಲಿ ವಿದೇಶಾಂಗ ಇಲಾಖೆಗೆ ಸಲಹೆಗಾರ, ಅಲ್ಲಿನ ಯೂನಿವರ್ಸಿಟಿಯಲ್ಲಿ ಮೇಷ್ಟ್ರು. ಇದು ನನ್ನ ಊಹೆ ಅಷ್ಟೇ, ಅಲೆಮಾರಿ ತುವಾರೆಗ್‌ಗಳೂ ಬೇಸಾಯದವರೂ ಒಟ್ಟೊಟ್ಟಿಗೆ ಇರೋ ದೇಶದಲ್ಲಿ ಅಷ್ಟು ವರ್ಷ ಇದ್ದವರಿಗೆ ಸವಾರರು ಬಂದು ರೈತರ ಜೊತೆ ಬೆರೆತು ಅವರದೇ ಭಾಷೆ ಕಲಿತು ಕೊನೆಗೆ ಅವರೇ ಆಗಿಹೋಗೋದು ವಿಚಿತ್ರ ಅನ್ನಿಸಿರಲ್ಲ. ಬಲ್ಗೇರಿಯಾ ಸ್ಥಾಪಿಸಿದ ಬಲ್ಗರರೂ ತುರ್ಕಿ ನುಡಿಯವರೇ, ಈಗ ಅಲ್ಲಿಯ ಭಾಷೆ ಸ್ಲಾವ್. ಫ್ರಾನ್ಸ್‌ಗೆ ಹೆಸರು ಕೊಟ್ಟ ಫ್ರಾಂಕರು ಜರ್ಮನ್ ನುಡಿಯವರು. ಅದರಿಂದ ಫ್ರೆಂಚರ ಮರ್ಯಾದೆ ಏನು ಹೋಯ್ತು?

ಹಾಗಂತ ಅಜ್ಜ ಹೇಳಿದ್ದೆಲ್ಲ ವೇದವಾಕ್ಯ ಅನ್ನಲ್ಲ ನಾನು. ರಾಜನ ಜೊತೆಗೆ ಜಮೀನ್ದಾರರ ದೊಡ್ಡ ಪಾಲೂ ಕುಮನ್ ಮೂಲದವರೇ ಅಂತ ಎಳೆದಿದ್ದು ಅತಿ ಆಯ್ತು ಅಂತ ನನ್ನ ಅಭಿಪ್ರಾಯ. ಕುಮನರು ಅಲ್ಲಿ ಇದ್ದಿದ್ದು ನಿಜ, ಅವರಿಂದ ಬಂದ ತೆಲೆಯೊರ್ಮಾನ್, ಕೊಮಾನಾ ಥರದ ಊರು ಸೀಮೆ ಹೆಸರುಗಳು ಇವತ್ತಿಗೂ ಉಳಿದಿವೆ, ಆದ್ರೆ ಅಲ್ಲಿಂದ ಇಡೀ ಯಜಮಾನ ವರ್ಗದ ತನಕ ಹಾರೋಕೆ ಸಾಕ್ಷಿ ಸಾಲಲ್ಲ. ಆದ್ರೂ ಅವರ ಮೇಲೆ ಬಿದ್ದವರಲ್ಲಿ ಎಷ್ಟೋ ಜನ ಈ ಪಾಯಿಂಟ್ ಹಿಡಿಯೋ ಬದಲು ದೇಶದ್ರೋಹಿ ಅಂತ ಕೂಗಾಡಿದ್ದೇ ಹೆಚ್ಚು. ರಾಜನ ಮೂಲ ಬೇರೆ, ಜನರ ಮೂಲ ಬೇರೆ, ಅಜ್ಜ ರೊಮೇನಿಯನ್ನರೆಲ್ಲ ಕುಮನರು ಅಂತ ಎಲ್ಲೂ ಹೇಳಿಲ್ಲ. 2012ರಲ್ಲಿ ಬಸರಾಬ್ ಅಡ್ಡಹೆಸರಿನ ಈಗಿನ ಗಂಡಸರ ಡಿಎನ್ಎ ಕೂಡ ನೋಡಿದ್ರು, ಎಲ್ಲರದ್ದೂ ಒಂದೇ ವಂಶ ಅಲ್ಲ ಅಂತ ಗೊತ್ತಾಯ್ತು, ಹಾಗಾಗಿ ಅದರಿಂದಲೂ ಜಗಳ ಬಗೆಹರೀಲಿಲ್ಲ.

ಜುವಾರಾ 2018ರ ಜನವರಿಯಲ್ಲಿ ತೀರ್ಕೊಂಡ್ರು, 101 ವರ್ಷ. ಓದೋ ಆಸೆ ಇದ್ರೆ ಈ ಬಸರಾಬ್ ಪುಸ್ತಕದಿಂದ ಶುರು ಮಾಡ್ಬೇಡಿ, ತಲೆ ಕೆಡುತ್ತೆ. ಹುಡುಗರಿಗೆ ಅಂತಲೇ ಕಥೆ ಹೇಳೋ ಹಾಗೆ ಅವರು ಬರೆದ ರೊಮೇನಿಯನ್ನರ ಚಿಕ್ಕ ಇತಿಹಾಸ ಇದೆ, ಇಂಗ್ಲಿಷ್‌ಗೂ ಬಂದಿದೆ, ಮೊದಲು ಅದನ್ನ ಓದಿ.