ಮಿಸೆಸ್ ಮೂರ್‌ಗಿಂತ ಹಿಂದಿನ ಪೆಗ್ಗಿ

ಇಂಗ್ಲಿಷ್ ನಟಿ ಪೆಗ್ಗಿ ಆಶ್‌ಕ್ರಾಫ್ಟ್‌ಗೆ 'ಮುಖ್ಯ ನಟಿ' ಆಸ್ಕರ್ ಎಂದು ಒಂದು ಲೇಖನದಲ್ಲಿದೆ. ಅಲ್ಲ, ಪೋಷಕ ನಟಿ. 'ಎ ಪ್ಯಾಸೇಜ್ ಟು ಇಂಡಿಯಾ'ದ (1984) ಮಿಸೆಸ್ ಮೂರ್ ಪಾತ್ರಕ್ಕೆ, 77ರ ವಯಸ್ಸಿನಲ್ಲಿ. ಆ ಸಿನಿಮಾದ ಬಹುಭಾಗ ಚಿತ್ರೀಕರಣ ಬೆಂಗಳೂರಿನಲ್ಲಿ. ಕಥೆಯ ಮರಬಾರ್ ಗುಹೆಗಳೆಂದು ಕಂಡದ್ದು ನಮ್ಮ ಸಾವನದುರ್ಗ, ರಾಮನಗರದ ಬಂಡೆಗಳು.

ಆದರೆ ಅವರನ್ನು ಸಿನಿಮಾದಿಂದ ಅಳೆಯುವುದೇ ತಪ್ಪು. 1930ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರದಲ್ಲಿ ಅಮೆರಿಕದ ಕಪ್ಪು ನಟ, ಗಾಯಕ ಪಾಲ್ ರೋಬ್‌ಸನ್‌ನ ಒಥೆಲೋಗೆ ಡೆಸ್ಡಿಮೋನಾ. 1935ರಲ್ಲಿ ಜೂಲಿಯೆಟ್; ನಟರಾದ ಗೀಲ್‌ಗುಡ್, ಒಲಿವಿಯರ್ ರೋಮಿಯೋ ಮತ್ತು ಮರ್ಕ್ಯೂಶಿಯೋ ಪಾತ್ರಗಳನ್ನು ಅದಲುಬದಲು ಮಾಡಿಕೊಂಡರು, ಜೂಲಿಯೆಟ್ ಮಾತ್ರ ಇವರೇ! 1963ರಲ್ಲಿ ಶೇಕ್ಸ್‌ಪಿಯರ್‌ನ ಊರು ಸ್ಟ್ರಾಟ್‌ಫರ್ಡ್‌ನಲ್ಲಿ ಅವನ ಚಾರಿತ್ರಿಕ ನಾಟಕಗಳನ್ನು ಸೇರಿಸಿದ 'ವಾರ್ಸ್ ಆಫ್ ದ ರೋಸಸ್': ರಾಣಿ ಮಾರ್ಗರೆಟ್‌ಳ ಹರೆಯದಿಂದ ಶಾಪ ಹಾಕುವ ಮುದುಕಿಯವರೆಗೆ ಒಬ್ಬರೇ. ಆಗ ವಯಸ್ಸು ಐವತ್ತೈದು. ನನ್ನ ಲೆಕ್ಕದಲ್ಲಿ ಆಸ್ಕರ್‌ಗಿಂತ ದೊಡ್ಡದು ಇದೇ.