ಅದು ಏಳುವಷ್ಟರಲ್ಲಿ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತುವುದು ಅಪ್ಪಯ್ಯ. ಒತ್ತಿ ಅಲ್ಲೇ ಕೂರುವುದಿಲ್ಲ. ಹೂವಿನ ಬುಟ್ಟಿ ಹಿಡಿದು ಅಂಗಳಕ್ಕೆ ಇಳಿಯುತ್ತಾರೆ, ದಾಸವಾಳ ಕೊಯ್ಯುತ್ತಾರೆ, ತುಂಬೆ ಸಿಕ್ಕರೆ ಅದನ್ನೂ ಬಿಡುವುದಿಲ್ಲ, ಹಾಗೇ ಕೊಟ್ಟಿಗೆ ಕಡೆ ಹೋಗಿ ದನಕ್ಕೆ ಒಂದು ಹಿಡಿ ಹುಲ್ಲು ಹಾಕಿ, ಕಾಲು ತೊಳೆದು ಒಳಗೆ ಬರುವ ಹೊತ್ತಿಗೆ ಪರದೆ ಮೇಲೆ ಚಿತ್ರ ಬಂದಿರುತ್ತದೆ. ಬಂದಿಲ್ಲದಿದ್ದರೆ ಒಂದು ಕವಳ.

2009ರಲ್ಲಿ ಶಿವಮೊಗ್ಗದ ಅಂಗಡಿಯೊಂದರಲ್ಲಿ ಜೋಡಿಸಿ ಕೊಟ್ಟ ಯಂತ್ರ ಅದು. ಕೋರ್ 2 ಡ್ಯುಯೋ, 2 ಜಿಬಿ ರ‍್ಯಾಮ್, 320 ಜಿಬಿ ಹಾರ್ಡ್ ಡಿಸ್ಕ್. ಮಾನಿಟರನ್ನು ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದಿದ್ದೆ. ಆಮೇಲೆ ಅಡಿಕೆ ಲೆಕ್ಕ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಅರ್ಜಿಗಳು, ಊರಿನ ಅರ್ಧ ಮದುವೆಗಳ ಫೋಟೋ ಎಲ್ಲ ಅದರೊಳಗೆ ಸೇರಿದವು. ನಡುವೆ ಯಾರೋ ವಿಂಡೋಸ್ 10 ಹಾಕಿಕೊಟ್ಟರು. ಅಲ್ಲಿಂದ ಅದು ನಡೆಯುವುದು ಬಿಟ್ಟು ತೆವಳತೊಡಗಿತು.

ಮನೆಯಲ್ಲಿ ಪ್ರತಿಯೊಬ್ಬರ ಹತ್ತಿರವೂ ಇದಕ್ಕೊಂದು ಕಾರಣ ಇತ್ತು. ಅಪ್ಪಯ್ಯನ ಪ್ರಕಾರ ಥಂಡಿ. ಅಮ್ಮನ ಪ್ರಕಾರ ವಯಸ್ಸು, "ನನಗೂ ಬೆಳಿಗ್ಗೆ ಏಳಲಿಕ್ಕೆ ಹೊತ್ತು ಬೇಕು, ಅದಕ್ಕೆ ಬೈಬೇಡಿ" ಎನ್ನುತ್ತಿದ್ದರು. ಅಣ್ಣನ ಮಗ ವೈರಸ್ ಎಂದು ಹೇಳಿ, ಇದ್ದ ಆಂಟಿವೈರಸ್ ಜೊತೆಗೆ ಇನ್ನೊಂದು ಆಂಟಿವೈರಸ್ ಹಾಕಿ ಹೋದ. ಒಂದೇ ತೋಟಕ್ಕೆ ಇಬ್ಬರು ಕಾವಲುಗಾರರು, ಕಳ್ಳನನ್ನು ಬಿಟ್ಟು ಒಬ್ಬರ ಜೇಬು ಒಬ್ಬರು ತಡಕುತ್ತಾ ಕೂತಿದ್ದರು. ಪೇಟೆಯ ಅಂಗಡಿಯವರು ಡಬ್ಬಿ ತೆರೆದೂ ನೋಡದೆ "ಹೊಸದು ತಗೊಳ್ಳಿ ಸರ್" ಎಂದರು. ನಾನೇನು ಕಮ್ಮಿ? ಊರಿಗೆ ಹೋದಾಗಲೆಲ್ಲ ಅದರ ಮುಂದೆ ಕೂತು ರೈಟ್ ಕ್ಲಿಕ್ಕು, ರಿಫ್ರೆಶ್, ಮತ್ತೆ ರೈಟ್ ಕ್ಲಿಕ್ಕು, ರಿಫ್ರೆಶ್. ನಮ್ಮಲ್ಲಿ ಕಂಪ್ಯೂಟರ್ ಮುಟ್ಟಿದವರೆಲ್ಲ ಮಾಡುವ ಆಚಮನ ಇದು. ಅದರಿಂದ ಐಕಾನುಗಳು ಒಮ್ಮೆ ಮಿಟುಕಿ ಮತ್ತೆ ಕೂರುತ್ತವೆ, ಅಷ್ಟೇ. ವೇಗ ಒಂದು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಇದು ಗೊತ್ತಿದ್ದೂ ನನ್ನ ಕೈ ನಿಲ್ಲುವುದಿಲ್ಲ, ಅದು ಬೇರೆ ಮಾತು.

ಇದರ ಮೇಲೆ ಇನ್ನೊಂದು ವಿಚಿತ್ರ. ಕರೆಂಟು ಹೋಗಿ ಬಂದಾಗಲೆಲ್ಲ ಅದು 2009ರ ಜನವರಿ 1ಕ್ಕೆ ವಾಪಸ್ ಹೋಗುತ್ತಿತ್ತು. ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್ 2032. ಕರೆಂಟು ಇರುವತನಕ ಗಡಿಯಾರ ಕರೆಂಟಿನಿಂದಲೇ ನಡೆಯುತ್ತದೆ. ಕರೆಂಟು ಇಲ್ಲದಾಗ ಕಾಯುವುದು ಈ ಬ್ಯಾಟರಿಯ ಕೆಲಸ, ಅದು ಸತ್ತಿತ್ತು. ಶರಾವತಿಯಲ್ಲಿ ಕರೆಂಟು ತೆಗೆದು ದೂರದೂರಿಗೆಲ್ಲ ಕಳಿಸುವ ಜಿಲ್ಲೆ ನಮ್ಮದು, ಆದರೆ ಆರಿದ್ರೆ ಮಳೆ ಹಿಡಿದರೆ ನಮ್ಮನೆಯಲ್ಲಿ ದಿನಕ್ಕೆ ನಾಲ್ಕು ಸಲ 2009 ಬರುತ್ತಿತ್ತು. ತಾರೀಕು ತಪ್ಪಾದರೆ ಇಂಟರ್ನೆಟ್ಟಿನ ತಾಣಗಳು ತಮ್ಮ ಸರ್ಟಿಫಿಕೇಟಿಗೂ ಆ ತಾರೀಕಿಗೂ ತಾಳೆಯಾಗಲಿಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತವೆ. ಪಹಣಿ ನೋಡಲು ಕೂತ ಅಪ್ಪಯ್ಯ ನೆಟ್ ಇಲ್ಲವೆಂದು ಮೊದಲು ಟೆಲಿಫೋನಿನವರಿಗೆ ಬೈದರು, ಆಮೇಲೆ ನನಗೆ. ಇಷ್ಟಕ್ಕೆಲ್ಲ ಕಾರಣ ಒಂದು ಕವಳದ ಖರ್ಚಿಗಿಂತ ಸ್ವಲ್ಪ ಜಾಸ್ತಿ ಬೆಲೆಯ ಬ್ಯಾಟರಿ.

ಹೋದ ಮಳೆಗಾಲಕ್ಕೆ ಮುಂಚೆ, ಮಾಡಿಗೆ ಹಂಚು ಕೈಯಾಡಿಸುವ ದಿನಗಳಲ್ಲಿ ಊರಿಗೆ ಹೋದವನು ಜಗಲಿಯಲ್ಲಿ ಹಳೇ ಪಂಚೆ ಹಾಸಿ ಅದನ್ನು ಬಿಚ್ಚಿದೆ. ಒಳಗೆ ಒಂದು ಊರೇ ಇತ್ತು. ಮೂಲೆಯಲ್ಲಿ ಹಲ್ಲಿ ಮೊಟ್ಟೆ, ಫ್ಯಾನಿನ ಹತ್ತಿರ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು, ಉಳಿದ ಜಾಗಕ್ಕೆಲ್ಲ ಜೇಡ. ಬಯಲುಸೀಮೆಯ ಧೂಳು ಊದಿದರೆ ಹಾರುತ್ತದೆ. ನಮ್ಮದು ಥಂಡಿ ಕುಡಿದ ಧೂಳು, ಕಂಬಳಿಯ ಹಾಗೆ ಸುರುಳಿ ಸುತ್ತಿ ತೆಗೆಯಬೇಕು. ಬಣ್ಣ ಬಳಿಯುವ ಹೊಸ ಬ್ರಷ್ಷಿನಲ್ಲಿ ಗುಡಿಸಿದೆ, ಫ್ಯಾನಿನ ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಹಿಡಿದು ಬ್ಲೋವರ್ ಬಿಟ್ಟೆ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ತಿಂಗಳುಗಟ್ಟಲೆ ಮುಚ್ಚಳ ಹಾಕದ ಸುಣ್ಣದ ಡಬ್ಬಿಯ ಹಾಗೆ ಒಣಗಿ ಬಿರಿದಿತ್ತು. ಅದು ಒಣಗಿದರೆ ಬಿಸಿ ಮೇಲಿನ ಲೋಹಕ್ಕೆ ಸರಿಯಾಗಿ ದಾಟುವುದಿಲ್ಲ, ಪ್ರೊಸೆಸರ್ ಸುಟ್ಟುಕೊಳ್ಳುವ ಬದಲು ತಾನಾಗಿಯೇ ನಿಧಾನ ಮಾಡುತ್ತದೆ. ಬುದ್ಧಿವಂತ. ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳು ಕಪ್ಪಾಗಿದ್ದವು, ಶಾಲೆ ಮಕ್ಕಳ ರಬ್ಬರಿನಲ್ಲಿ ಉಜ್ಜಿದೆ.

ಅಪ್ಪಯ್ಯನ ಥಂಡಿ ಪೂರ್ತಿ ಸುಳ್ಳೂ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರ ಅಕ್ಕಪಕ್ಕದಲ್ಲಿರುವ ನಮಗೆ ಚರ್ಮದ ಬೆಲ್ಟು, ಪುಸ್ತಕ, ಕುಂಕುಮದ ಭರಣಿ ಎಲ್ಲಕ್ಕೂ ಬೂಷ್ಟು ಬರುವುದು ಗೊತ್ತು. ಕಂಪ್ಯೂಟರಿಗೆ ಮಾತ್ರ ಬರಬಾರದು ಎಂದರೆ ಹೇಗೆ? ಚಂದದ ಬಟ್ಟೆ ಹೊದಿಸಿ ಸುಮ್ನೆ ಇಡುವ ಬದಲು ಮಳೆಗಾಲದಲ್ಲಿ ದಿನಾ ಅರ್ಧ ಗಂಟೆ ಓಡಿಸುವುದು ಒಳ್ಳೆಯದು, ತನ್ನ ಬಿಸಿಗೆ ತಾನೇ ಒಣಗುತ್ತದೆ. ಗುಡುಗು ಶುರುವಾದರೆ ಮಾತ್ರ ಎಲ್ಲ ವೈರೂ ಕೀಳಬೇಕು, ಟೆಲಿಫೋನಿನ ವೈರನ್ನೂ ಸೇರಿಸಿ. ನಮ್ಮ ಮೊದಲನೇ ಮೋಡೆಮ್ ಹೋಗಿದ್ದು ಅದೇ ದಾರಿಯಲ್ಲಿ ಬಂದ ಸಿಡಿಲಿಗೆ.

ಇಷ್ಟೆಲ್ಲ ಮಾಡಿ ಗುಂಡಿ ಒತ್ತಿದರೆ ಗೊರಗೊರ ಸದ್ದು ನಿಂತಿತ್ತು. ತೆವಳುವುದು ನಿಂತಿರಲಿಲ್ಲ.

ಮೊದಲೇ ಮಾಡಬೇಕಾದ್ದನ್ನು ಆಗ ಮಾಡಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಎಲ್ಲರೂ ವಯಸ್ಸಾಯ್ತು ಅನ್ನುತ್ತಿದ್ದ ಪ್ರೊಸೆಸರ್ ಶೇ 12ರಲ್ಲಿ ಆರಾಮಾಗಿ ಕೂತಿತ್ತು. ಡಿಸ್ಕ್ ಶೇ 100. ಅಡುಗೆಮನೆ ಕಟ್ಟೆ ಚಿಕ್ಕದು, ಸಾಮಾನೆಲ್ಲ ಅಟ್ಟದ ಮೇಲೆ ಇದೆ ಅಂದುಕೊಳ್ಳಿ. ರ‍್ಯಾಮ್ ಕಟ್ಟೆ, ಹಾರ್ಡ್ ಡಿಸ್ಕ್ ಅಟ್ಟ. ಕಟ್ಟೆಯಲ್ಲಿ ಜಾಗ ಸಾಲದೆ ವಿಂಡೋಸ್ ಒಂದು ಪಾತ್ರೆ ಅಟ್ಟಕ್ಕೆ ಸಾಗಿಸಿ ಇನ್ನೊಂದು ಇಳಿಸುತ್ತದೆ, ಐದು ನಿಮಿಷಕ್ಕೆ ಮೊದಲನೆಯದೇ ಬೇಕಾಗುತ್ತದೆ. ಹಾರ್ಡ್ ಡಿಸ್ಕಿನೊಳಗೆ ಸೆಕೆಂಡಿಗೆ 120 ಸುತ್ತು ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ಅತ್ತಿತ್ತ ಓಡಿ, ಬೇಕಾದ ಜಾಗ ಅಡಿಗೆ ಬರುವತನಕ ಕಾಯಬೇಕು. ಪಾಪ, ಏಣಿ ಹತ್ತಿ ಇಳಿದೇ ಅದರ ಜನ್ಮ ಸವೆದಿತ್ತು.

ಒಂದು ಆಂಟಿವೈರಸ್ ತೆಗೆದೆ. ಸ್ಟಾರ್ಟಪ್ ಪಟ್ಟಿಯಲ್ಲಿ, ಮನೆಯಲ್ಲಿ ಇಲ್ಲದ ಪ್ರಿಂಟರಿನ ತಂತ್ರಾಂಶ ಕೂಡ ಬೆಳಿಗ್ಗೆ ಎದ್ದು ಹಾಜರಿ ಹಾಕುತ್ತಿತ್ತು, ಅಂಥವನ್ನೆಲ್ಲ ಮಲಗಿಸಿದೆ. ರ‍್ಯಾಮ್ ತರಲು ಪೇಟೆಗೆ ಎರಡು ಸಲ ಹೋಗಬೇಕಾಯ್ತು. ಬೇಕಾದ್ದು ಡಿಡಿಆರ್ 2, ಕೊಟ್ಟಿದ್ದು ಡಿಡಿಆರ್ 3, ನಡುವಿನ ಕಚ್ಚು ಬೇರೆ ಕಡೆ ಇರುತ್ತದೆ, ಒತ್ತಿದರೆ ಕೂರುವುದಿಲ್ಲ, ಕೂರಿಸಲೂಬಾರದು. ಕೊನೆಗೆ ಯಾರದೋ ಸತ್ತ ಕಂಪ್ಯೂಟರಿನದು ಸಿಕ್ಕಿತು. ಜೊತೆಗೆ ಹಾರ್ಡ್ ಡಿಸ್ಕಿನ ಜಾಗಕ್ಕೆ 256 ಜಿಬಿಯ ಒಂದು ಎಸ್‌ಎಸ್‌ಡಿ, ಇಸ್ಪೀಟು ಕಟ್ಟಿಗಿಂತ ತೆಳ್ಳಗೆ, ಒಳಗೆ ತಿರುಗುವ ಸಾಮಾನೇ ಇಲ್ಲ. ಹಳೇ ಬೋರ್ಡಿನಲ್ಲಿ ಅದರ ಪೂರ್ತಿ ವೇಗ ಸಿಗುವುದಿಲ್ಲ, ಚಿಂತೆಯಿಲ್ಲ, ಏಣಿ ಹತ್ತುವುದು ತಪ್ಪಿತಲ್ಲ. ಏಳು ನಿಮಿಷಕ್ಕೆ ಏಳುತ್ತಿದ್ದದ್ದು ಅರ್ಧ ನಿಮಿಷಕ್ಕೆ ಎದ್ದಿತು. ವಿಂಡೋಸ್ 10ಕ್ಕೆ ಕಂಪನಿಯ ಉಚಿತ ಆರೈಕೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11ನೆಯದು ಈ ಪ್ರೊಸೆಸರನ್ನು ಒಪ್ಪುವುದಿಲ್ಲ. ಹಾಗಾಗಿ ಬ್ಯಾಂಕಿನ ಕೆಲಸ ಅದರಲ್ಲಿ ಬೇಡ ಎಂದು ಹೇಳಿದ್ದೇನೆ.

ನಾನು ವಾಪಸ್ ಬಂದ ಮಾರನೇ ದಿನವೇ ಫೋನು. "ಎಂತ ಮಾಡಿಟ್ಟು ಹೋದ್ಯ ಮಾರಾಯ, ಪರದೆ ಕಪ್ಪಗೆ ಕೂತಿದೆ." ಅಪ್ಪಯ್ಯ ಎಂದಿನಂತೆ ಗುಂಡಿ ಒತ್ತಿ ಹೂವಿಗೆ ಹೋಗಿದ್ದರು. ಅದು ಅರ್ಧ ನಿಮಿಷಕ್ಕೆ ಎದ್ದು, ಯಾರೂ ಇಲ್ಲದ್ದು ನೋಡಿ ಪರದೆ ಆರಿಸಿತ್ತು. ಕೆಟ್ಟಿತು ಎಂದುಕೊಂಡು ಇವರು ಮತ್ತೆ ಗುಂಡಿ ಒತ್ತಿ ಮಲಗಿಸಿದ್ದರು. ಗುಂಡಿ ಒತ್ತಿದ ಮೇಲೆ ಅಲ್ಲೇ ಕೂತಿರಿ, ಅದೀಗ ಕಾಯಿಸುವುದಿಲ್ಲ ಎಂದೆ.

"ಇಷ್ಟು ವರ್ಷ ನಾನು ಕಾದಿಲ್ವಾ? ಅದೂ ಸ್ವಲ್ಪ ಕಾಯ್ಲಿ."

ಮುಂದಿನ ಸಲ ಹೋದಾಗ ಪರದೆ ಆರುವ ಅವಧಿಯನ್ನು ಅರ್ಧ ಗಂಟೆಗೆ ಏರಿಸಿ ಬಂದೆ. ದಾಸವಾಳ ಜಾಸ್ತಿ ಬಿಟ್ಟ ದಿನ ಅದೂ ಸಾಲುವುದಿಲ್ಲವಂತೆ.