‘ಇ’ಗಿಂತ ಕೆಳಗೆ

ನಮ್ಮ ಊರಿನ ಮೇಷ್ಟ್ರು ಎಂಥ ದಡ್ಡನಿಗೂ ಸೊನ್ನೆ ಕೊಡುತ್ತಿರಲಿಲ್ಲ. ಹೆಸರಾದರೂ ನೆಟ್ಟಗೆ ಬರೆದಿದ್ದಾನಲ್ಲ ಅಂತ ಎರಡು ಮಾರ್ಕು ಹಾಕುತ್ತಿದ್ದರು. ಅಂಥ ಕರುಣೆ ಈಗೆಲ್ಲಿ ಅಂದುಕೊಂಡಿದ್ದೆ. ಬೆಂಗಳೂರಿನ ಕೆರೆಗಳ ಅಂಕಪಟ್ಟಿಯಲ್ಲಿ ಸಿಕ್ಕಿತು.

ನಮ್ಮ ದೇಶದಲ್ಲಿ ಕೆರೆ, ಹೊಳೆಗಳ ನೀರಿಗೆ ‘ಎ’ಯಿಂದ ‘ಇ’ ತನಕ ಐದು ದರ್ಜೆ. ‘ಎ’ ಅಂದರೆ ಸೋಂಕು ಕಳೆದರೆ ಸಾಕು, ಕುಡಿಯಬಹುದು. ‘ಬಿ’ ಅಂದರೆ ಇಳಿದು ಮೀಯಬಹುದು. ‘ಸಿ’ ಅಂದರೆ ಪೂರ್ತಿ ಶುದ್ಧ ಮಾಡಿ ಕುಡಿಯಬೇಕು. ‘ಡಿ’ ಅಂದರೆ ಮೀನಿಗೆ, ಪ್ರಾಣಿ ಪಕ್ಷಿಗೆ ಆದೀತು. ‘ಇ’ ಅಂದರೆ ಹೊಲಕ್ಕೆ ಹಾಯಿಸಬಹುದು, ಫ್ಯಾಕ್ಟರಿಯ ಯಂತ್ರ ತಣ್ಣಗೆ ಮಾಡಬಹುದು. ಫೇಲ್ ಅನ್ನೋ ಮಾತೇ ಇಲ್ಲ ನೋಡಿ! ಎಲ್ಲರೂ ಒಂದಲ್ಲ ಒಂದು ಕೆಲಸಕ್ಕೆ ಲಾಯಕ್ಕು. ಬೆಂಗಳೂರಿನ ಹೆಚ್ಚಿನ ಕೆರೆಗಳು ವರ್ಷಗಟ್ಟಲೆ ‘ಡಿ’ಗೂ ‘ಇ’ಗೂ ನಡುವೆ ಓಡಾಡಿಕೊಂಡಿವೆ. ಮತ್ತೆ ‘ಇ’ ಕೂಡ ದಕ್ಕದ ನೀರಿಗೆ? ಅದಕ್ಕೂ ಪಟ್ಟಿಯ ಕೊನೆಯಲ್ಲಿ ಒಂದು ಸಾಲಿದೆ. ಅದರ ಹೆಸರು ‘ಇಗಿಂತ ಕೆಳಗೆ’. ಎಫ್ ಅಂತ ಬರೆಯೋಕೆ ಯಾಕೋ ಯಾರಿಗೂ ಮನಸ್ಸು ಬಂದಿಲ್ಲ.

ಯಂತ್ರ ತಣ್ಣಗೆ ಮಾಡುವ ನೀರು ಅಂದೆನಲ್ಲ, ಬೆಳ್ಳಂದೂರು ಕೆರೆಯ ಕಥೆ ಕೇಳಿ. ಸುಮಾರು 900 ಎಕರೆಯ ಕೆರೆ. ನಗರದ ಕೊಳಚೆಯಲ್ಲಿ ಹತ್ತಿರ ಹತ್ತಿರ ಶೇ 40ರಷ್ಟು ಅದರ ಕಡೆಗೇ ಹರಿಯುತ್ತದೆ. 2018ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿತ್ತು. ಕೆರೆಗೆ! ಸೇನೆಯ ಜವಾನರು ಬಂದು ಆರಿಸಬೇಕಾಯಿತು. ಉರಿದದ್ದು ನೀರಲ್ಲ, ಕೆರೆಯೊಳಗಿನ ಒಣಹುಲ್ಲು, ಕಸ ಅನ್ನುತ್ತೀರಿ. ಒಪ್ಪಿದೆ. 2015ರಲ್ಲಿ ಮಾತ್ರ ಕೋಡಿಯ ಹತ್ತಿರ ನೊರೆಯೇ ಹೊತ್ತಿಕೊಂಡಿತ್ತು. ಅದಕ್ಕೆ ಏನನ್ನುತ್ತೀರೋ ಗೊತ್ತಿಲ್ಲ.

ನೊರೆಯ ಲೆಕ್ಕ ಸುಲಭ. ನಮ್ಮ ಬಚ್ಚಲಿನ, ವಾಷಿಂಗ್ ಮೆಷಿನ್ನಿನ ಸೋಪಿನ ನೀರು ಕೆರೆ ಸೇರುತ್ತದೆ. ಕೋಡಿಯಲ್ಲಿ ಧುಮುಕುವಾಗ ಕಡೆದ ಮಜ್ಜಿಗೆಯ ಹಾಗೆ ಉಕ್ಕುತ್ತದೆ. ಗಾಳಿ ಬಂದರೆ ರಸ್ತೆಗೆ ಹಾರಿ ಬೈಕಿನವರ ಮುಖಕ್ಕೆ ಮೆತ್ತಿಕೊಳ್ಳುತ್ತದೆ. ಇದಕ್ಕೆ ಏನು ಮಾಡಿದರು? ರಸ್ತೆ ಪಕ್ಕ ಎತ್ತರಕ್ಕೆ ಜಾಲರಿ ಕಟ್ಟಿದರು. ಹಾಲು ಉಕ್ಕಿದರೆ ಒಲೆ ಆರಿಸಬೇಕಾ, ಪಾತ್ರೆ ಸುತ್ತ ಬೇಲಿ ಹಾಕಬೇಕಾ ಅಂತ ಯಾವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಅದೇ 2018ರ ಜುಲೈನಲ್ಲಿ, ನಗರದ ಸಂಸ್ಕರಿಸಿದ ನೀರು ಪೈಪಿನಲ್ಲಿ ಹೋಗಿ ಸೇರಿದ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲೂ ನೊರೆ ಎದ್ದಿತು. ಬೇಲಿ ಅಷ್ಟು ದೂರಕ್ಕೆ ಸಾಲಲಿಲ್ಲ, ಪಾಪ.

ಕೆರೆ ನೋಡಿಕೊಳ್ಳೋಕೆ ಯಾರೂ ಇರಲಿಲ್ಲ ಅಂತಲ್ಲ. 2002ರಲ್ಲಿ ಒಂದು ಪ್ರಾಧಿಕಾರ ಬಂತು. 2014ರಲ್ಲಿ ಕಾನೂನು ಮಾಡಿ ಇನ್ನೊಂದನ್ನು ತಂದರು, ಹೆಸರಲ್ಲೇ ‘ಸಂರಕ್ಷಣೆ’ ಇತ್ತು. 2018ರಲ್ಲಿ ಅದನ್ನೇ ಮುಚ್ಚಿ ಸಣ್ಣ ನೀರಾವರಿಯವರ ಕೈಗೆ ಕೊಟ್ಟರು. ಅದೇ ವರ್ಷದ ಕೊನೆಗೆ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ದಂಡ ಹಾಕಿತು. ಜೊತೆಗೆ ಉಸ್ತುವಾರಿ ಸಮಿತಿ. ಅಂದರೆ ನೋಡಿಕೊಳ್ಳುವವರನ್ನು ನೋಡಿಕೊಳ್ಳೋಕೆ.

ಇನ್ನು ಸಾರಿಗೆ. ಕೆರೆಯ ಇಲಾಖೆಯೂ ಸಾರಿಗೆಯ ಇಲಾಖೆಯೂ ಒಟ್ಟಿಗೆ ಕೂತು ಯೋಚಿಸಬೇಕು ಅಂತ ತಜ್ಞರು ಹೇಳುತ್ತಲೇ ಇರುತ್ತಾರೆ. ಅವರಿಗೆ ನಮ್ಮ ಊರಿನ ಚರಿತ್ರೆ ಗೊತ್ತಿಲ್ಲ ಅಂತ ಕಾಣುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋದೇ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಇದಕ್ಕಿಂತ ಸಮನ್ವಯ ಬೇಕಾ? 2022ರ ಸೆಪ್ಟೆಂಬರ್ ಮಳೆಗೆ ಹೊರವರ್ತುಲ ರಸ್ತೆಯೇ ಕೆರೆಯಾದಾಗ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಅಪ್ಪಿಕೊಂಡು ಆಫೀಸಿಗೆ ಹೋದರು. ಯಾವ ಯೋಜನಾ ವರದಿಯಲ್ಲೂ ಇಲ್ಲದ ವಾಹನ. ಟೈಮಿಗೆ ಸರಿಯಾಗಿ ಬಂತು ಅನ್ನೋದು ಬೇರೆ ಮಾತು.

ಸಾರಿಗೆಯವರನ್ನೆಲ್ಲ ಒಂದೇ ಸೂರಿನಡಿ ತರೋಕೆ 2022ರ ಡಿಸೆಂಬರಿನಲ್ಲಿ ವಿಧಾನಮಂಡಲ ಒಂದು ಮಸೂದೆ ಪಾಸು ಮಾಡಿತು. ಸೂರು ಬಂತು. ಒಳಗೆ ಬನ್ನಿ ಅಂದರೆ ಎಲ್ಲರೂ ಚಪ್ಪಲಿ ಬಿಡೋದು ಎಲ್ಲಿ ಅಂತ ನೋಡುತ್ತಾ ಹೊಸಿಲಲ್ಲೇ ನಿಂತಿದ್ದಾರೆ. ಅಷ್ಟರಲ್ಲಿ ಯೋಜನೆಗಳು ಮಾತ್ರ ತಾವಾಗಿಯೇ ಹುಟ್ಟುತ್ತವೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದ ತನಕ 6.7 ಕಿಲೋಮೀಟರ್ ಉಕ್ಕಿನ ಸೇತುವೆ ಅಂದರು. 812 ಮರ ಹೋಗುತ್ತವೆ ಅಂತ ಜನ ಕೈ ಕೈ ಹಿಡಿದು ರಸ್ತೆಯಲ್ಲಿ ನಿಂತರು. ಮುಂದಿನ ವರ್ಷ ಕೈಬಿಟ್ಟರು. ಈಗ ಹೆಬ್ಬಾಳದಿಂದ, ಟ್ರಾಫಿಕ್ ಜಾಮಿಗೇ ಹೆಸರಾದ ಸಿಲ್ಕ್ ಬೋರ್ಡಿಗೆ ನೆಲದೊಳಗೆ ಸುರಂಗ ಅನ್ನುತ್ತಿದ್ದಾರೆ. ಮೇಲೆ ಬೇಡ ಅಂದದ್ದು ನಾವೇ ಅಲ್ವಾ? ನೆಲದ ಮೇಲೆ ಓಡೋ ಬಸ್ಸಿನ ವಿಷಯ ಯಾರಾದರೂ ಎತ್ತುತ್ತಾರಾ ಅಂತ ನಾನು ಬಸ್ ಸ್ಟಾಪಿನಲ್ಲೇ ನಿಂತು ಕಾಯುತ್ತಿದ್ದೇನೆ. ಹೇಗೂ ಬಸ್ಸಿಗೆ ಕಾಯಬೇಕಲ್ಲ.

ಮೊನ್ನೆ ಬೆಳಿಗ್ಗೆ ನಮ್ಮ ಮನೆ ಹತ್ತಿರದ ಕೆರೆ ಏರಿಯ ಮೇಲೆ ಒಬ್ಬ ಹುಡುಗ ಹಗ್ಗ ಕಟ್ಟಿದ ಬಕೆಟ್ ಇಳಿಬಿಟ್ಟು ನೀರೆತ್ತುತ್ತಿದ್ದ. ಪಕ್ಕದಲ್ಲಿ ಐಸ್ ತುಂಬಿದ ಥರ್ಮಾಕೋಲ್ ಡಬ್ಬಿ, ಚೀಟಿ ಅಂಟಿಸಿದ ಆರು ಬಾಟಲಿ. ಫಾರ್ಮಿನಲ್ಲಿ ‘ಬಣ್ಣ’ ಅಂತ ಒಂದು ಕಾಲಂ. ಬಾಟಲಿ ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ‘ಹಸಿರು’ ಅಂತ ಬರೆದ. ಇನ್ನೊಂದು ಸಲ ನೋಡಿ ಅದನ್ನು ಹೊಡೆದು ‘ಕಪ್ಪು’ ಅಂತ ತಿದ್ದಿದ. ಮುಂದಿನ ಕಾಲಂ ‘ವಾಸನೆ’. ಎಡಗೈಯಲ್ಲಿ ಮೂಗು ಹಿಡಿದುಕೊಂಡು ಬಲಗೈಯಲ್ಲಿ ‘ಇದೆ’ ಅಂತ ಬರೆದ.

“ಇದನ್ನೆಲ್ಲ ಬರೆದು ಏನಪ್ಪಾ ಆಗುತ್ತೆ?” ಅಂತ ಕೇಳಿದೆ.

“ಮುಂದಿನ ತಿಂಗಳು ಮತ್ತೆ ಬಂದು ಬರೀತೀವಿ ಸರ್.”

ಉತ್ತರ ಹೇಳುವಾಗಲೂ ಅವನ ಕಣ್ಣು ರಸ್ತೆ ಕಡೆಗೇ ಇತ್ತು. ಡಬ್ಬಿಯ ಮುಚ್ಚಳ ಬಿಗಿದು, ಬೈಕಿನ ಹಿಂದೆ ಕಟ್ಟಿ, ಒದ್ದು ಸ್ಟಾರ್ಟ್ ಮಾಡಿದ.

“ಬರ್ತೀನಿ ಸರ್. ಐಸ್ ಕರಗೋದ್ರೊಳಗೆ ಸಿಲ್ಕ್ ಬೋರ್ಡ್ ದಾಟಬೇಕು.”